ಐವರ ಕುಕ್ಕರು, ಇಬ್ಬರ ಊಟ

ಮುಂಬಯಿಯ ಬ್ಯಾಂಕೊಂದರಲ್ಲಿ ನೌಕರಿ ಮುಗಿಸಿ, ಡೊಂಬಿವಲಿಯ ಮನೆ ಮಾರಿ, ಗೋವಾದ ಕಾಣಕೋಣ ತಾಲೂಕಿನ ಹಳ್ಳಿಯೊಂದರಲ್ಲಿ ಹಿತ್ತಿಲಿರುವ ಹಳೇ ಮನೆ ಕೊಂಡು ನೆಲೆಸಿದವರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಮೂಲ ಕುಮಟೆ, ವಯಸ್ಸು 67. ಹೆಸರು ಹಾಕಬೇಡಿ ಅಂದಿದ್ದಾರೆ. ರಾಯರು ಅನ್ನೋಣ.

ಅವರ ದೂರು ಇಷ್ಟು. ಮಳೆ ಹಿಂದೆ ಸರಿದಿದೆ. ಹಿತ್ತಿಲಲ್ಲಿ ಹೀರೆ, ಬೆಂಡೆ, ಕೆಂಪು ಹರಿವೆ ಬೇಕಾದಷ್ಟಿದೆ. ಜಂತಿಗೆ ಬಾಳೆನಾರಿನಲ್ಲಿ ಕಟ್ಟಿದ ಮೊಗೆಕಾಯಿ (ಮಂಗಳೂರು ಸೌತೆ) ತೂಗುತ್ತಿವೆ, ಅಂಗಳದ ಚಾಪೆ ಮೇಲೆ ಆ ಸೀಮೆಯ ಖೊಲಾ ಕೆಂಪು ಮೆಣಸು ಒಣಗುತ್ತಿದೆ. ಇಷ್ಟಿದ್ದೂ ಮನೆಯವರಿಗೆ ಅಡುಗೆಯ ಉಮೇದೇ ಇಲ್ಲ. ಎರಡು ಹೊತ್ತೂ ಅನ್ನ, ಬೇಳೆಸಾರು. ಪತ್ರೊಡೆ ಕೇಳಿದರೆ, ತೆಳ್ಳೇವು (ತೆಳು ದೋಸೆ) ಕೇಳಿದರೆ ‘ನೋಡೋಣ’ ಎಂಬ ಉತ್ತರ. ಡೊಂಬಿವಲಿಯ ಗೆಳೆಯರೊಬ್ಬರು ಫೋನಿನಲ್ಲಿ ‘ವಯಸ್ಸಾದ ಮೇಲೆ ಹೆಂಗಸರು ಹೀಗೇ, ಅಡುಗೆಗೆ ಜನ ಇಡು’ ಅಂದರಂತೆ. ಅದನ್ನು ಮನೆಯಲ್ಲಿ ಹೇಳಿದ್ದಕ್ಕೆ ಆಕೆ ಎರಡು ದಿನ ಮಾತು ಬಿಟ್ಟರಂತೆ. ಈಗ ಏನು ಮಾಡಲಿ ಎಂಬುದು ಪ್ರಶ್ನೆ.

ರಾಯರೇ, ನಿಮ್ಮ ನಾಲ್ಕು ಪುಟದಲ್ಲಿ ನನಗೆ ಬೇಕಾದ ಸಾಲು ಒಂದೇ. ಮೂರನೇ ಪುಟದ ಕೆಳಗೆ, ಕಂಸದೊಳಗೆ ಬರೆದಿದ್ದೀರಿ: ‘ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಕುಕ್ಕರ್ ತೊಳೆಯುವಾಗ ತೆಗೆದಿಟ್ಟು ಮಧ್ಯಾಹ್ನ ಅವಳೇ ಮುಗಿಸುತ್ತಾಳೆ. ನನಗೆ ಶುಗರ್ ಇರುವುದರಿಂದ ಆಗ ಮಾಡಿದ ಬಿಸಿಯೂಟವೇ ಆಗಬೇಕು.’

ಈ ಅಂಕಣ ಓದುವವರಿಗೆ ಗೊತ್ತು, ಗಂಡ ಹೆಂಡಿರ ಯಾವ ಕಾಗದ ಬಂದರೂ ಆ ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ಯಾರು, ಅವರ ತಟ್ಟೆಯಲ್ಲಿ ಏನಿರುತ್ತದೆ ಎಂದೇ ನಾನು ಮೊದಲು ನೋಡುವುದು. ನಿಮ್ಮ ಮನೆಯ ಉತ್ತರ ಕಂಸದೊಳಗಿದೆ. ದಿನವೂ ಅಡುಗೆ ಮಾಡಿ ದಿನವೂ ನಿನ್ನೆಯದನ್ನು ಉಣ್ಣುವವರಿಗೆ ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯುವ ಹುರುಪು ಎಲ್ಲಿಂದ ಬರಬೇಕು? ಇನ್ನೊಂದು ಮಾತು: ಶುಗರಿಗೆ ಬೇಕಾದದ್ದು ಅನ್ನದ ಅಳತೆ, ಅನ್ನದ ಬಿಸಿಯಲ್ಲ.

ದಿನಾ ಏಕೆ ಉಳಿಯುತ್ತದೆ? ಅದನ್ನೂ ನೀವೇ ಬರೆದಿದ್ದೀರಿ, ಹೆಮ್ಮೆಯಿಂದ: ಡೊಂಬಿವಲಿಯ ಪಾತ್ರೆಗಳನ್ನೆಲ್ಲ ಹಾಗೇ ತಂದಿದ್ದೀರಿ, ಐದು ಲೀಟರಿನ ಕುಕ್ಕರ್ ಸಮೇತ. ಅತ್ತೆ, ಮಕ್ಕಳು ಸೇರಿ ಐದು ಜನಕ್ಕೆ ಅಳೆದ ಕೈ ಅದು. ದೊಡ್ಡ ತಳದಲ್ಲಿ ಇಬ್ಬರ ಅಕ್ಕಿಯನ್ನು ನೇರವಾಗಿ ಇಟ್ಟರೆ ನೀರು ತೆಳ್ಳಗೆ ಹರಡಿ, ಬೇಗ ಇಂಗಿ, ಅಡಿ ಹಿಡಿಯುತ್ತದೆ. ಅಡಿ ಹಿಡಿಯದಿರಲಿ ಎಂದು ಒಂದು ಹಿಡಿ ಹೆಚ್ಚು ಹಾಕುತ್ತಾರೆ. ಆ ಹಿಡಿಯೇ ಮರುದಿನ ಆಕೆಯ ಊಟ.

ಇದರಲ್ಲಿ ಅಪಾಯವೂ ಇದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ, ಅವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ, ಒದ್ದೆಯಾಗಿ ಗಂಟೆಗಟ್ಟಲೆ ಕೂತರೆ ಮೊಳೆತು ವಿಷ ಉಗುಳುತ್ತವೆ, ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ರಾತ್ರಿ ಎಂಟಕ್ಕೆ ಇಳಿಸಿದ ಕುಕ್ಕರಿನಲ್ಲಿ ಮುಚ್ಚಿಟ್ಟ ಅನ್ನಕ್ಕೆ ಮರುದಿನ ಮಧ್ಯಾಹ್ನಕ್ಕೆ 16 ಗಂಟೆ. ಅಕ್ಟೋಬರಿನ ಕರಾವಳಿಯಲ್ಲಿ ರಾತ್ರಿಯೂ ಸೆಕೆ, ಸಂಜೆ ಗುಡುಗಿದರೆ ಕರೆಂಟೂ ಇಲ್ಲ. ಆಕೆಗೆ ಆಗಾಗ ಹೊಟ್ಟೆ ಕೆಡುತ್ತದೆ ಎಂದು ಬರೆದು ‘ನೀರಿನ ದೋಷ’ ಅಂದಿದ್ದೀರಲ್ಲ, ಅದನ್ನು ಇನ್ನೊಮ್ಮೆ ಯೋಚಿಸಿ. ತಂಗಳನ್ನ ಉಂಡೇ ಬೆಳೆದವರು ನಾವು ಎಂದು ಯಾರಾದರೂ ಕಾಗದ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಅದು ನೀರು ಹಾಕಿ ಹುಳಿ ಬರಿಸಿದ ಅನ್ನ, ಕುಕ್ಕರಿನಲ್ಲಿ ಮರೆತ ಅನ್ನವಲ್ಲ. ಉಳಿದೇ ಉಳಿದರೆ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, ಮರುದಿನವೇ ಒಮ್ಮೆ ಮಾತ್ರ ಚೆನ್ನಾಗಿ ಬಿಸಿ ಮಾಡಿ ಇಬ್ಬರೂ ಉಣ್ಣಿ. ಹೊರಗೇ ಉಳಿದದ್ದು ಗೊಬ್ಬರದ ಗುಂಡಿಗೆ. ಪಕ್ಕದ ಮನೆ ದನಕ್ಕೆ ಪಾತ್ರೆಗಟ್ಟಲೆ ಸುರಿಯಬೇಡಿ, ಅದಕ್ಕೂ ಹೊಟ್ಟೆ ಉಬ್ಬರಿಸುತ್ತದೆ.

ನಿಮಗೆ ನನ್ನದು ಒಂದೇ ಅಪ್ಪಣೆ. ಇವತ್ತಿನಿಂದ ರಾತ್ರಿಯ ಅಡುಗೆ ನಿಮ್ಮದು. ಸಹಾಯ ಅಲ್ಲ, ತರಕಾರಿ ಹೆಚ್ಚಿಕೊಡುವುದಲ್ಲ. ಒಲೆ ಹಚ್ಚುವುದರಿಂದ ಕಟ್ಟೆ ಒರೆಸುವವರೆಗೆ.

ಮೊದಲ ವಾರ ಅನ್ನ, ಮೊಗೆಕಾಯಿ ಹುಳಿ ಎರಡೇ ಸಾಕು. ಕಾಯಿ ಹೆಚ್ಚಿದ ಕೂಡಲೇ ಹಸಿ ಚೂರೊಂದನ್ನು ನಾಲಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಇಡೀ ಕಾಯಿ ಎಸೆಯಿರಿ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಬೇಧಿ ಗ್ಯಾರಂಟಿ. ಕಹಿಯಿಲ್ಲದಿದ್ದರೆ ಕಾಲು ಕಿಲೋ ಹೋಳು ಇಬ್ಬರಿಗೆ ಧಾರಾಳ. ಉಳಿದ ಅರ್ಧದ ತಿರುಳು, ಬೀಜ ತೆಗೆದು, ಕೊಯ್ದ ಮೈ ಒರೆಸಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಬರುತ್ತದೆ. ತಿರುಳನ್ನು ಎಸೆಯಬೇಡಿ, ನೆನೆಸಿದ ಅಕ್ಕಿಯ ಜೊತೆ ರುಬ್ಬಿದರೆ ನೀವು ಆಸೆಪಟ್ಟ ತೆಳ್ಳೇವಿನ ಹಿಟ್ಟು ಅದೇ.

ತೊಗರಿಬೇಳೆ 40 ಗ್ರಾಂ ತೊಳೆದು ಅರ್ಧ ಗಂಟೆ ನೆನೆಸಿ. ಅಕ್ಕಿ ಇಬ್ಬರಿಗೆ 120 ಗ್ರಾಂ, ಒಮ್ಮೆ ತಕ್ಕಡಿಯಲ್ಲಿ ತೂಗಿ ಲೋಟದಲ್ಲಿ ಗೆರೆ ಹಾಕಿಕೊಳ್ಳಿ. ಕುಕ್ಕರಿನ ತಳಕ್ಕೆ ಒಂದೂವರೆ ಲೋಟ ನೀರು, ಕೆಳಗಿನ ಡಬ್ಬಿಯಲ್ಲಿ ಮುಳುಗುವಷ್ಟು ನೀರಿನ ಜೊತೆ ಬೇಳೆ, ಮೇಲಿನದರಲ್ಲಿ ಅಕ್ಕಿ. ಹಳೇ ಬೆಳ್ತಿಗೆ (ಬಿಳಿ) ಅಕ್ಕಿಗೆ ಒಂದಕ್ಕೆ ಎರಡೂವರೆ ನೀರು. ಈಗ ಕೊಯ್ಲಾಗಿ ಬರುವ ಹೊಸ ಅಕ್ಕಿಗೆ ಎರಡೇ ಸಾಕು, ಹೆಚ್ಚಾದರೆ ಮುದ್ದೆ. ಕುಚ್ಚಲಕ್ಕಿಯ ಲೆಕ್ಕ ಬೇರೆ, ಸದ್ಯಕ್ಕೆ ಅದಕ್ಕೆ ಕೈ ಹಾಕಬೇಡಿ. ನಾಲ್ಕು ಸೀಟಿ, ಆಮೇಲೆ ಪ್ರೆಶರ್ ತಾನಾಗಿ ಇಳಿಯಲಿ.

ಅಷ್ಟರಲ್ಲಿ ಬೇರೆ ಪಾತ್ರೆಯಲ್ಲಿ ಮೊಗೆಕಾಯಿ ಹೋಳುಗಳಿಗೆ ಒಂದೂವರೆ ಲೋಟ ನೀರು, ಚಿಟಿಕೆ ಅರಿಶಿನ ಹಾಕಿ ಬೇಯಿಸಿ. ಹೊಸಬರೆಲ್ಲ ತಪ್ಪುವುದು ಇಲ್ಲೇ, ಹುಣಸೆರಸವನ್ನು ಮೊದಲೇ ಸುರಿದುಬಿಡುತ್ತಾರೆ. ಹುಳಿ ಬಿದ್ದರೆ ತರಕಾರಿ ಗಟ್ಟಿಯಾಗಿಯೇ ನಿಲ್ಲುತ್ತದೆ, ಎಷ್ಟು ಕುದಿಸಿದರೂ ಮೆತ್ತಗಾಗಲು ಸತಾಯಿಸುತ್ತದೆ. ಹೋಳುಗಳಿಗೆ ಚಮಚ ಸಲೀಸಾಗಿ ಇಳಿದ ಮೇಲೆಯೇ ಸಣ್ಣ ಅಡಿಕೆ ಗಾತ್ರದ ಹುಣಸೆಯ ರಸ, ಉಪ್ಪು, ಚೂರು ಬೆಲ್ಲ. ಮಸಾಲೆಗೆ ಎರಡು ಮೂರು ಒಣ ಖೊಲಾ ಮೆಣಸು, ಒಂದು ಚಮಚ ಕೊತ್ತಂಬರಿ, ಕಾಲು ಚಮಚ ಜೀರಿಗೆ, ಎಂಟ್ಹತ್ತು ಮೆಂತೆಕಾಳು. ತುಸು ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ, ಮೆಂತೆ ಕಪ್ಪಾದರೆ ಹುಳಿಯೆಲ್ಲ ಕಹಿ. ನಾಲ್ಕು ದೊಡ್ಡ ಚಮಚ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ. ಬೇಳೆ, ಮಸಾಲೆ ಸೇರಿಸಿ ಐದು ನಿಮಿಷ ಕುದಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಕಾಯಿ ರುಬ್ಬಿ ಹಾಕಿದ ಹುಳಿ ಈ ಸೆಕೆಗೆ ಬೆಳಗಾಗುವುದರೊಳಗೆ ಹಳಸುತ್ತದೆ. ಒಂದು ಹೊತ್ತಿಗಾಗುವಷ್ಟೇ ಮಾಡಿ.

ಬಡಿಸುವಾಗ ಮೊದಲ ತಟ್ಟೆ ಆಕೆಯದು. ಉಪ್ಪು ಕಡಿಮೆ ಅಂದರೆ ತೆಪ್ಪಗೆ ಉಪ್ಪಿನ ಡಬ್ಬಿ ಕೊಡಿ, ಡೊಂಬಿವಲಿಯ ಕಥೆ ತೆಗೆಯಬೇಡಿ.

ಅಡುಗೆಯವಳನ್ನು ಇಡುವುದೇ? ಬೇಡ. ಆಕೆಗೆ ಹೇಳಿಕೊಡುವ, ಕಾಯುವ ಕೆಲಸವೂ ನಿಮ್ಮ ಮನೆಯವರ ತಲೆಗೇ ಬೀಳುತ್ತದೆ.

ಇನ್ನು ಆ ಗೆಳೆಯರು. ಕಾಗದ ಓದಿ ನನಗೆ ಸಿಟ್ಟು ಬಂದದ್ದು ನಿಮ್ಮ ಮೇಲಲ್ಲ, ಅವರ ಮೇಲೆ. ಕೊಂಕಣ ರೈಲು ಹಿಡಿದು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ದೀಪಾವಳಿಗೆ ಎಂಟು ದಿನ ಬರುತ್ತೇವೆ, ‘ವಹಿನಿ (ಅತ್ತಿಗೆ) ಕೈಯ ಹಳ್ಳಿ ಊಟ’ ಬೇಕು ಅಂದರಂತಲ್ಲ. ಹೆಂಗಸರ ವಯಸ್ಸಿನ ಬಗ್ಗೆ ಅಭಿಪ್ರಾಯ ಕೊಡುವವರಿಗೆ ಅದೇ ವಯಸ್ಸಿನವರು ಬಂದ ಐದು ಜನಕ್ಕೆ ಎಂಟು ದಿನ ಬೇಯಿಸುವುದು ಹೇಗೆ ಎಂಬ ಯೋಚನೆ ಬರಲಿಲ್ಲ. ಫೋನು ಮಾಡಿ ಎರಡು ರಾತ್ರಿ ಸಾಕು ಅನ್ನಿ, ಅದೂ ಮನೆಯವರು ಒಪ್ಪಿದರೆ. ನರಕ ಚತುರ್ದಶಿಯ ಬೆಳಿಗ್ಗೆ ಗೋವಾದಲ್ಲಿ ಹೇಗೂ ಅವಲಕ್ಕಿಯೇ ತಿಂಡಿ, ಒಲೆಯ ಕೆಲಸ ಕಡಿಮೆ. ಏಳು ಜನಕ್ಕೆ ಅರ್ಧ ಕಿಲೋ ದಪ್ಪ ಅವಲಕ್ಕಿ ತೊಳೆದು ಬಸಿದು ಹತ್ತು ನಿಮಿಷ ಮುಚ್ಚಿಟ್ಟರೆ ಅರಳುತ್ತದೆ. ನೀರಲ್ಲೇ ಬಿಟ್ಟರೆ ಗಂಜಿಯಾಗುತ್ತದೆ. ಮೂರು ಪಾಲು ಮಾಡಿ: ಒಂದಕ್ಕೆ ಹಾಲು ಸಕ್ಕರೆ, ಒಂದಕ್ಕೆ ಮಜ್ಜಿಗೆ, ಹಸಿಮೆಣಸು, ಒಗ್ಗರಣೆ, ಇನ್ನೊಂದಕ್ಕೆ ಕಾಯಿರಸ, ಬೆಲ್ಲ, ಏಲಕ್ಕಿ. ಸಕ್ಕರೆ, ಬೆಲ್ಲದ ಪಾಲು ನಿಮಗಲ್ಲ. ಕಾಯಿ ತುರಿಯುವ ಕೆಲಸ ಗೆಳೆಯರಿಗೆ.

ನಾಳೆಯೇ ಕಾಣಕೋಣದ ಚಾವಡಿ ಪೇಟೆಗೆ ಹೋಗಿ ಮೂರು ಲೀಟರಿನ ಕುಕ್ಕರ್, ಒಳಗೆ ಕೂರುವ ಎರಡು ಡಬ್ಬಿ ತನ್ನಿ. ಐದು ಲೀಟರಿನದು ಅಟ್ಟಕ್ಕೆ ಹೋಗಲಿ. ಹೊಸ ಕುಕ್ಕರನ್ನು ಬಣ್ಣದ ಕಾಗದದಲ್ಲಿ ಸುತ್ತಿ ದೀಪಾವಳಿ ಉಡುಗೊರೆ ಎಂದು ಮನೆಯವರ ಕೈಗೇನಾದರೂ ಕೊಟ್ಟಿರೋ, ಆಮೇಲೆ ನನಗೆ ಕಾಗದ ಬರೆಯಬೇಡಿ. ಅದು ನಿಮ್ಮ ಕುಕ್ಕರು.