ಇನ್ಸರ್ಟ್ ಕೀ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಬಳಸುವುದು ಹೇಗೆ?

ತುಮಕೂರಿನಲ್ಲಿ ಪದವಿ ಓದುತ್ತಿರುವ ನಿಮ್ಮ ದೃಷ್ಟಿಹೀನ ತಂಗಿಯ ಹೊಸ ಲ್ಯಾಪ್‌ಟಾಪ್‌ನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವಾದ ಎನ್‌ವಿಡಿಎ ಮಾತನಾಡುತ್ತದೆ, ಆದರೆ ಆಜ್ಞೆಗಳು ಕೆಲಸ ಮಾಡುತ್ತಿಲ್ಲ ಎಂದು ಕೇಳಿದ್ದೀರಿ. ತಂತ್ರಾಂಶ ಕೆಟ್ಟಿಲ್ಲ. ಅದರ ಬಹುಪಾಲು ಆಜ್ಞೆಗಳಿಗೆ ಆಧಾರವಾದ ಎನ್‌ವಿಡಿಎ ಕೀ ಮೊದಲಿಗೆ ಇನ್ಸರ್ಟ್ ಆಗಿರುತ್ತದೆ, ಆ ಕೀಯೇ ನಿಮ್ಮ ಯಂತ್ರದಲ್ಲಿಲ್ಲ.

ಇನ್ಸರ್ಟ್ ಇರುವ ಯುಎಸ್‌ಬಿ ಕೀಬೋರ್ಡೊಂದನ್ನು ಯಾರಿಂದಲಾದರೂ ಹತ್ತು ನಿಮಿಷ ಎರವಲು ಪಡೆದು ಜೋಡಿಸಿ, ಇನ್ಸರ್ಟ್, ಕಂಟ್ರೋಲ್ ಮತ್ತು ಕೆ ಒಟ್ಟಿಗೆ ಒತ್ತಿದರೆ ಕೀಬೋರ್ಡ್ ಸೆಟ್ಟಿಂಗ್ ನೇರವಾಗಿ ತೆರೆಯುತ್ತದೆ. ಅಲ್ಲಿ ಕೀಬೋರ್ಡ್ ವಿನ್ಯಾಸವನ್ನು (ಲೇಔಟ್) ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಬದಲಿಸಿ, ಟ್ಯಾಬ್ ಒತ್ತಿ ಮುಂದಿನ ಪಟ್ಟಿಗೆ ಹೋಗಿ, ಕ್ಯಾಪ್ಸ್ ಲಾಕ್ ಎಂದು ಕೇಳಿಸಿದಾಗ ಸ್ಪೇಸ್‌ನಿಂದ ಗುರುತು ಹಾಕಿ ಎಂಟರ್ ಒತ್ತಿ. ಇನ್ನು ಕ್ಯಾಪ್ಸ್ ಲಾಕನ್ನೇ ಎನ್‌ವಿಡಿಎ ಕೀಯಾಗಿ ಬಳಸಬಹುದು.

ವಿನ್ಯಾಸ ಬದಲಾದರೆ ಕೆಲವು ಆಜ್ಞೆಗಳೂ ಬದಲಾಗುತ್ತವೆ ಎಂಬುದನ್ನು ಹೇಳಿಕೊಡುವವರು ಹೆಚ್ಚಾಗಿ ಮರೆಯುತ್ತಾರೆ: ಪುಟವನ್ನು ಸತತವಾಗಿ ಓದಿಸಲು ಡೆಸ್ಕ್‌ಟಾಪ್ ವಿನ್ಯಾಸದಲ್ಲಿ ಎನ್‌ವಿಡಿಎ ಕೀಯೊಡನೆ ಕೆಳಬಾಣವನ್ನು ಒತ್ತಬೇಕು, ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಎ ಒತ್ತಬೇಕು. ದೊಡ್ಡಕ್ಷರ ಬೇಕಾದಾಗ ಕ್ಯಾಪ್ಸ್ ಲಾಕನ್ನು ಬೇಗಬೇಗ ಎರಡು ಸಲ ಒತ್ತಿದರೆ ಅದು ತನ್ನ ಹಳೆಯ ಕೆಲಸವನ್ನೇ ಮಾಡುತ್ತದೆ.

ಟೈಪಿಸಿದ ಪ್ರತಿ ಅಕ್ಷರವನ್ನೂ ಉಚ್ಚರಿಸುವುದು ವೇಗವಾಗಿ ಬರೆಯುವವರಿಗೆ ಕಿರಿಕಿರಿಯೇ. ಅದನ್ನು ಎನ್‌ವಿಡಿಎ ಕೀ ಮತ್ತು 2ರಿಂದ ನಿಲ್ಲಿಸಿ, 3ರಿಂದ ಪದಗಳ ಉಚ್ಚಾರವನ್ನಷ್ಟೇ ಇಟ್ಟುಕೊಳ್ಳುವುದು ನನ್ನ ಸಲಹೆ. ಎನ್‌ವಿಡಿಎ ಕೀ ಮತ್ತು 1 ಒತ್ತಿದರೆ ಕಲಿಕೆಯ ಸ್ಥಿತಿ ಆರಂಭವಾಗುತ್ತದೆ. ಆಗ ಯಾವ ಕೀ ಒತ್ತಿದರೂ ಅದರ ಹೆಸರು, ಕೆಲಸ ಮಾತ್ರ ಕೇಳಿಸುವುದರಿಂದ ತಂಗಿ ನಿಶ್ಚಿಂತೆಯಿಂದ ಅಭ್ಯಾಸ ಮಾಡಬಹುದು.