ಯಾವ ತೂತಿಗೆ ಯಾವ ಎಣ್ಣೆ: ಕುಂಬಳೆಯ ಬರಹಗಾರರಿಗೆ ಉತ್ತರ

ನಮಸ್ಕಾರ.

‘ಸಣ್ಣ ಲೇತುಗಳಿಗೆ ಕೀಲೆಣ್ಣೆಯ ಆಯ್ಕೆ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು; ಹಾಗೆಂದು ಕೈಬಿಡಲು ನನಗೆ ಮನಸ್ಸೂ ಇಲ್ಲ. ಕಾಸರಗೋಡಿನಿಂದ ನಮಗೆ ಕತೆ, ಕವಿತೆಗಳು ಧಾರಾಳವಾಗಿ ಬರುತ್ತವೆ. ದಿನವಿಡೀ ಲೇತಿನ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದ) ಮುಂದೆ ನಿಲ್ಲುವವರು ತಮ್ಮ ಕಸುಬಿನ ಬಗ್ಗೆ ಕನ್ನಡದಲ್ಲಿ ಬರೆದು ಕಳಿಸುವುದು ತೀರ ಅಪರೂಪ. ಉಪ್ಪಳ, ಬದಿಯಡ್ಕ, ಮುಳ್ಳೇರಿಯದ ವರ್ಕ್‌ಶಾಪುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ಇಂಥ ಬರಹ ಬೇಕೇ ಬೇಕು. ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲ ಎರಡು ಪುಟಗಳನ್ನು ತೆಗೆದುಬಿಡಿ. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಹರಳೆಣ್ಣೆಯಿಂದ ಹಿಡಿದು ಪೆಟ್ರೋಲಿಯಂ ಎಣ್ಣೆಯವರೆಗಿನ ಚರಿತ್ರೆ ಯಾರು ಬೇಕಾದರೂ ಬರೆಯಬಹುದಾದದ್ದು. ಹೀಗೆ ಊಹಿಸಿಕೊಳ್ಳಿ: ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿನ ಶಾಫ್ಟ್ ಹಿಡಿದುಕೊಂಡು ಅಡಿಕೆ ಕೃಷಿಕರೊಬ್ಬರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಲೇತಿನ ಗೇರುಗಳಿರುವ ಪೆಟ್ಟಿಗೆಯಾದ ಹೆಡ್‌ಸ್ಟಾಕಿನ ಗಾಜಿನಲ್ಲಿ ಎಣ್ಣೆಯ ಮಟ್ಟ ಗೆರೆಗಿಂತ ಕೆಳಗಿಳಿದಿದೆ. ಆ ಹೊತ್ತಿನಲ್ಲಿ ಟರ್ನರನಿಗೆ, ಅಂದರೆ ಲೇತು ನಡೆಸುವವನಿಗೆ, ಇರುವ ಪ್ರಶ್ನೆ ಒಂದೇ: ಈಗ ಏನು ಹೊಯ್ಯಲಿ? ಲೇಖನ ಅಲ್ಲಿಂದಲೇ ಶುರುವಾಗಲಿ.

ಇನ್ನು, ಒಂದು ತಪ್ಪು ಯಂತ್ರವನ್ನೇ ಕೆಡಿಸುವಂಥದ್ದು. ‘ಎಸ್‌ಎಇ 90 ಗೇರ್ ಆಯಿಲ್ ವಿಜಿ 68ಕ್ಕಿಂತ ತುಸು ದಪ್ಪ, ಅಷ್ಟೇ’ ಎಂದಿದ್ದೀರಿ. ಇವೆರಡೂ ಎಣ್ಣೆಯ ದಪ್ಪವನ್ನು ಹೇಳುವ ಬೇರೆ ಬೇರೆ ಅಳತೆಗಳು. ಐಎಸ್‌ಒ ವಿಜಿ ಅಂಕೆಯೆಂದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) ಎಷ್ಟು ಸೆಂಟಿಸ್ಟೋಕ್ ಎಂಬುದು, ಹೆಚ್ಚುಕಡಿಮೆ ಹತ್ತು ಶೇಕಡದೊಳಗೆ. ಗೇರ್ ಆಯಿಲಿನ ಎಸ್‌ಎಇ 90 ಆ ಲೆಕ್ಕದಲ್ಲಿ ಸಾಮಾನ್ಯವಾಗಿ 150ರಿಂದ 220ರ ಆಸುಪಾಸು ಬರುತ್ತದೆ. ವಿಜಿ 32 ಅಥವಾ 68 ಕೇಳುವ ಹೆಡ್‌ಸ್ಟಾಕಿಗೆ ಅದನ್ನು ಸುರಿದರೆ ಬೆಳಗ್ಗೆ ಮೋಟಾರು ತಿಣುಕುತ್ತದೆ, ಬೇರಿಂಗು ಬಿಸಿಯಾಗುತ್ತದೆ, ಗೇರು ಎರಚುವ ಎಣ್ಣೆ ಮೇಲಿನ ಬೇರಿಂಗುಗಳಿಗೆ ಸರಿಯಾಗಿ ತಲುಪುವುದಿಲ್ಲ. ಭಾರಿ ಒತ್ತಡದ ಗೇರಿಗೆಂದಿರುವ ಜಿಎಲ್-5 ದರ್ಜೆಯದ್ದಾದರೆ ಇನ್ನೊಂದು ಅಪಾಯ: ಅದರಲ್ಲಿರುವ ಗಂಧಕದ ಸಂಯುಕ್ತಗಳು ಕಂಚಿನ ಬುಷ್‌ಗಳನ್ನು (ಶಾಫ್ಟ್ ತಿರುಗುವ ಕೊಳವೆಗಳನ್ನು) ತಿನ್ನಬಲ್ಲವು. ಹರಿಹರದಲ್ಲಿ ತಯಾರಾದ ಹಳೆಯ ಕಿರ್ಲೋಸ್ಕರ್ ಲೇತೂ ರಾಜಕೋಟ್‌ನಿಂದ ಬಂದ ಲೇತೂ ಒಂದೇ ಎಣ್ಣೆ ಕೇಳಬೇಕೆಂದಿಲ್ಲ. ತಯಾರಕರ ಪುಸ್ತಿಕೆ ಅಥವಾ ಹೆಡ್‌ಸ್ಟಾಕಿನ ಮೇಲಿನ ತಗಡಿನ ಪಟ್ಟಿಯೇ ಮೊದಲ ಮಾತು ಎಂದು ಸ್ಪಷ್ಟವಾಗಿ ಬರೆಯಿರಿ.

ಎಂಜಿನ್ ಆಯಿಲ್ ಕುರಿತ ಪ್ಯಾರಾವನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ‘ಹಾಕಬಾರದು’ ಎಂದರೆ ಯಾರೂ ಕೇಳುವುದಿಲ್ಲ, ಕಾರಣ ಕೊಡಿ. ಅದರಲ್ಲಿರುವ ಡಿಟರ್ಜೆಂಟ್ ಕೊಳೆಯನ್ನು ತಳಕ್ಕಿಳಿಯಲು ಬಿಡದೆ ಎಣ್ಣೆಯಲ್ಲೇ ತೇಲಿಸುತ್ತದೆ. ಕಾರಿನಲ್ಲಿ ಅದನ್ನು ಹಿಡಿಯಲು ಫಿಲ್ಟರ್ ಇರುತ್ತದೆ. ಸಣ್ಣ ಲೇತಿನ ಹೆಡ್‌ಸ್ಟಾಕಿನಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಲೋಹದ ಪುಡಿ ಸುತ್ತುತ್ತಲೇ ಇರುತ್ತದೆ. ಬೆಡ್ಡಿನ, ಅಂದರೆ ಲೇತಿನ ಭಾಗಗಳು ಜಾರುವ ಉದ್ದನೆಯ ಹಳಿಯ, ವಿಷಯ ಬೇರೆ. ಒಣಗಿದ ಬೆಡ್ಡಿಗಿಂತ ಹೊಸ ಎಂಜಿನ್ ಆಯಿಲ್ ಹಚ್ಚಿದ ಬೆಡ್ ಸಾವಿರ ಪಾಲು ಮೇಲು. ಗಾಡಿಯಿಂದ ಇಳಿಸಿದ ಕರಿ ಎಣ್ಣೆಯನ್ನು ಮಾತ್ರ ಎಲ್ಲಿಯೂ ಬಳಸಬಾರದು.

ಜಾರುವ ಭಾಗಗಳಿಗೆಂದೇ ಇರುವ ಸ್ಲೈಡ್‌ವೇ ಆಯಿಲಿಗೆ ನೀವು ಕೊಟ್ಟದ್ದು ಒಂದೇ ಸಾಲು! ಲೇಖನದ ಜೀವ ಇರಬೇಕಾದದ್ದೇ ಅಲ್ಲಿ. ಉಳಿಯನ್ನು ಮುಂದೆ ಹಿಂದೆ ಸರಿಸುವ ಕ್ರಾಸ್ ಸ್ಲೈಡಿನ ಹಿಡಿಯನ್ನು ಮೆಲ್ಲಗೆ ತಿರುಗಿಸುತ್ತೀರಿ, ಡಯಲ್ ಅರ್ಧ ಗೆರೆ ಸರಿದರೂ ಸ್ಲೈಡ್ ಅಲುಗುವುದಿಲ್ಲ, ಇನ್ನೊಂದಿಷ್ಟು ಒತ್ತಿದೊಡನೆ ಗಕ್ಕನೆ ಮುಂದೆ ಹಾರುತ್ತದೆ, ಬುಷ್ ಅಳತೆ ತಪ್ಪುತ್ತದೆ. ಇದು ಪ್ರತಿಯೊಬ್ಬ ಟರ್ನರನ ಅನುಭವ. ನಿಂತಲ್ಲಿನ ಘರ್ಷಣೆ ಚಲಿಸುವಾಗಿನ ಘರ್ಷಣೆಗಿಂತ ಹೆಚ್ಚಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಮೊಬಿಲ್ ವ್ಯಾಕ್ಟ್ರಾ 2ರಂಥ ವಿಜಿ 68ರ ಸ್ಲೈಡ್‌ವೇ ಎಣ್ಣೆಗಳಲ್ಲಿ ಆ ಅಂತರವನ್ನು ತಗ್ಗಿಸುವ, ಎಣ್ಣೆ ಜಾರಿಹೋಗದಂತೆ ಅಂಟಿಸಿಡುವ ವಸ್ತುಗಳನ್ನು ಸೇರಿಸಿರುತ್ತಾರೆ. ಬೆಡ್ಡಿಗೆ ಗ್ರೀಸ್ ಏಕೆ ಬೇಡವೆಂಬುದನ್ನೂ ಇಲ್ಲಿಯೇ ಹೇಳಿ: ಲೋಹದ ತರಿ ಅದರಲ್ಲಿ ಸಿಕ್ಕಿಕೊಂಡು ಬೆಡ್ಡನ್ನು ಸಾಣೆ ಹಿಡಿದಂತೆ ಸವೆಸುತ್ತದೆ. ಈ ಎಣ್ಣೆ ಹೆಚ್ಚಾಗಿ ದೊಡ್ಡ ಬಕೆಟುಗಳಲ್ಲಿ ಬರುತ್ತದೆ, ಸಣ್ಣ ವರ್ಕ್‌ಶಾಪಿಗೆ ಒಂದೆರಡು ಲೀಟರ್ ಸಾಕು. ಮಂಗಳೂರಿನ ಅಂಗಡಿಗಳಲ್ಲಿ ಬಿಡಿಯಾಗಿ ಕೊಡುವವರಿದ್ದಾರೆಯೇ ಎಂದು ವಿಚಾರಿಸಿ, ಇಂದಿನ ಬೆಲೆ ಸಮೇತ ಬರೆಯಿರಿ. ಓದುಗರು ಕತ್ತರಿಸಿ ಇಟ್ಟುಕೊಳ್ಳುವ ಮಾಹಿತಿ ಅದು.

ನಿಮ್ಮ ಬರಹದಲ್ಲಿ ನನಗೆ ತುಂಬ ಹಿಡಿಸಿದ್ದು ತೆಂಗಿನೆಣ್ಣೆಯ ಭಾಗ. ಧನುರ್ಮಾಸದ ಬೆಳಗ್ಗೆ ಎಣ್ಣೆ ಕ್ಯಾನಿನ ಮೂತಿಯಲ್ಲೇ ಅದು ಗಟ್ಟಿಯಾಗಿ ನಿಂತದ್ದು, ಕಂಚಿನ ನಟ್ಟಿನ ಸುತ್ತ ಹಸಿರು ಕಟ್ಟಿದ್ದು: ಕಣ್ಣಾರೆ ಕಂಡವರು ಮಾತ್ರ ಹೀಗೆ ಬರೆಯಬಲ್ಲರು. ಅದರ ಜೊತೆಗೆ ಕಾರಣವನ್ನೂ ಸೇರಿಸಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಹಳಸಿದಾಗ ಹುಟ್ಟುವ ಕೊಬ್ಬಿನ ಆಮ್ಲ ಕಂಚಿನೊಳಗಿನ ತಾಮ್ರವನ್ನು ತಿನ್ನುತ್ತದೆ. ಟ್ಯಾಪ್ ಹಾಕಿ ತೂತಿನೊಳಗೆ ಮರೆ (ಥ್ರೆಡ್) ಕೊರೆಯುವಾಗ ಅದೇ ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನೂ ಬರೆಯಿರಿ, ಹಳಬರಿಗೆ ಅನ್ಯಾಯವಾಗಬಾರದು.

ಕೂಲೆಂಟನ್ನು ಮಾತ್ರ ಈ ಲೇಖನದಿಂದ ಹೊರಗಿಡಿ. ನೀರಿಗೆ ಬೆರೆಸುವ ಹಾಲು ಬಣ್ಣದ ಎಣ್ಣೆ ಹೆಚ್ಚಾಗಿ ತಂಪು ಮಾಡಲು. ಬೆಡ್ಡಿನ ಎಣ್ಣೆಯನ್ನು ಅದು ತೊಳೆದುಬಿಡುತ್ತದೆ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದ್ದರಿಂದ ಓದುಗರಿಗೆ ಗೊಂದಲವಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಶನಿವಾರ ಒರೆಸದೆ ಬಿಟ್ಟ ಟೇಲ್‌ಸ್ಟಾಕಿನ (ಕಡೆಯುವ ತುಂಡಿನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗದ) ಅಡಿಯಲ್ಲಿ ಸೋಮವಾರ ಕಾಣುವ ತುಕ್ಕಿನ ಬಗ್ಗೆಯೇ ಪ್ರತ್ಯೇಕವಾಗಿ ಬರೆಯಬಹುದು. ಕೂಲೆಂಟಿನ ಮಿಶ್ರಣದ ಪ್ರಮಾಣ, ಮಳೆಗಾಲದಲ್ಲಿ ಅದರ ತೊಟ್ಟಿ ನಾರುವುದು, ಎರಕದ ಕಬ್ಬಿಣವನ್ನು ಕೂಲೆಂಟ್ ಬಿಡದೆ ಒಣದಾಗಿಯೇ ಕಡೆಯುವುದು ಎಲ್ಲವೂ ಅದರಲ್ಲಿ ಬರಲಿ.

ಮೊದಲ ಲೇಖನ ಎಂಟುನೂರು ಪದ ಮೀರದಿರಲಿ. ಎಣ್ಣೆ ಬಿಡುವ ಜಾಗಗಳನ್ನು ಗುರುತಿಸಿ ನಿಮ್ಮದೇ ಲೇತಿನ ಒಂದು ಚಿತ್ರವನ್ನು ಕೈಯಲ್ಲೇ ಬಿಡಿಸಿ ಕಳಿಸಿ, ಇಲ್ಲಿ ಅಂದಗೊಳಿಸಿಕೊಳ್ಳುತ್ತೇವೆ. ತುಕ್ಕಿನ ಲೇಖನ ಮೇ ಸಂಚಿಕೆಗೆ ಬೇಕು, ಮಳೆ ಹಿಡಿಯುವ ಮೊದಲೇ ಜನರ ಕೈ ಸೇರಬೇಕು.

ಸಂಪಾದಕ