ಶುಗರ್ ಇರುವ ಹೆಣ್ಣುಮಕ್ಕಳ ಲೈಂಗಿಕ ಆರೋಗ್ಯ ಅಳೆಯಲು ಎಫ್‌ಎಸ್‌ಎಫ್‌ಐ ಒಂದೇ ಸಾಕಾ?

ರಾಯಚೂರು ಜಿಲ್ಲೆಯಲ್ಲಿ ನರ್ಸಿಂಗ್ ಪ್ರಬಂಧಕ್ಕಾಗಿ ಸಕ್ಕರೆ ಕಾಯಿಲೆಯ ಮಹಿಳೆಯರ ಲೈಂಗಿಕ ಮತ್ತು ಸಂತಾನ ಆರೋಗ್ಯ ಅಳೆಯಬೇಕು, ಹೆಣ್ಣಿನ ಲೈಂಗಿಕ ಕ್ರಿಯೆ ಅಳೆಯುವ ಎಫ್‌ಎಸ್‌ಎಫ್‌ಐ ಪ್ರಶ್ನಾವಳಿ ಒಂದೇ ಸಾಕಾ ಎಂದು ಕೇಳಿದ್ದೀರಿ. ಸಾಲದು. ಅದನ್ನು ಬಳಸಿ, ಆದರೆ ಅದರ ಸೊನ್ನೆಯ ಬಗ್ಗೆ ಎಚ್ಚರವಿರಲಿ.

2000ನೇ ಇಸವಿಯಲ್ಲಿ ಬಂದ ಈ ಪ್ರಶ್ನಾವಳಿಯಲ್ಲಿ 19 ಪ್ರಶ್ನೆಗಳಿವೆ. ಆಸೆ, ಉದ್ರೇಕ, ಯೋನಿಯ ತೇವ, ಪರಾಕಾಷ್ಠೆ, ತೃಪ್ತಿ, ನೋವು, ಈ ಆರರ ಬಗ್ಗೆ ಕಳೆದ 4 ವಾರಗಳ ಲೆಕ್ಕ ಕೇಳುತ್ತದೆ. ಒಟ್ಟು ಅಂಕ 2ರಿಂದ 36. 26.55 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೊಂದರೆ ಇರಬಹುದು ಎಂದರ್ಥ. ನೋವಿನ ಪ್ರಶ್ನೆಗಳಲ್ಲಿ ನೋವು ಕಡಿಮೆಯಿದ್ದಷ್ಟೂ ಅಂಕ ಹೆಚ್ಚು. ಎಕ್ಸೆಲ್‌ಗೆ ತುಂಬುವಾಗ ಇದನ್ನು ತಿರುಗುಮುರುಗು ಮಾಡಬೇಡಿ.

ಈಗ ಸೊನ್ನೆಯ ವಿಷಯ. 19ರಲ್ಲಿ 15 ಪ್ರಶ್ನೆಗಳಿಗೆ 'ಈ 4 ವಾರದಲ್ಲಿ ಕೂಡಿಲ್ಲ' ಎಂಬ ಉತ್ತರಕ್ಕೆ ಸೊನ್ನೆ ಬೀಳುತ್ತದೆ. ದೇವದುರ್ಗ, ಲಿಂಗಸುಗೂರು ಕಡೆ ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾನೆ ಎಂದುಕೊಳ್ಳಿ. ಆಕೆ ಆಸೆಯ ಎರಡು ಪ್ರಶ್ನೆಗೆ 4, 4 ಕೊಟ್ಟರೆ ಮೊತ್ತ 8, ಅದನ್ನು ಆ ವಿಭಾಗದ ಗುಣಕ 0.6ರಿಂದ ಗುಣಿಸಿ 4.8. ತೃಪ್ತಿಯ ಕೊನೆಯ ಎರಡಕ್ಕೂ 4, 4 ಕೊಟ್ಟರೆ ಅದರ ಗುಣಕ 0.4ರಿಂದ ಗುಣಿಸಿ 3.2. ಉಳಿದದ್ದೆಲ್ಲ ಸೊನ್ನೆ, ಒಟ್ಟು 8. ಏನೂ ತೊಂದರೆಯಿಲ್ಲದ ಹೆಣ್ಣುಮಗಳಿಗೆ ನಿಮ್ಮ ಪ್ರಬಂಧ ರೋಗದ ಹಣೆಪಟ್ಟಿ ಹಚ್ಚುತ್ತದೆ, ಅದನ್ನು ಶುಗರ್ ತಲೆಗೂ ಕಟ್ಟುತ್ತದೆ. ಆದ್ದರಿಂದ ಮೊದಲೇ 'ಮನೆಯವರು ಊರಾಗ ಅದಾರೇನ್ರಿ?' ಎಂದು ಕೇಳಿ. ಕೂಡದವರನ್ನು ಬೇರೆ ಗುಂಪು ಮಾಡಿ, ಕಾರಣ ಬರೆದುಕೊಳ್ಳಿ: ಗಂಡ ದೂರವೋ, ವಿಧವೆಯೋ, ನೋವಿಗೆ ಹೆದರಿಯೋ. ನೋವಿಗೆ ಹೆದರಿ ದೂರ ಉಳಿದವರೇ ನೀವು ಹುಡುಕಬೇಕಾದವರು.

ಅಂಕ ಕಡಿಮೆಯಿದ್ದರೂ ಆಕೆಗೆ ಅದರಿಂದ ಸಂಕಟ ಇದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ 13 ಪ್ರಶ್ನೆಗಳ ಎಫ್‌ಎಸ್‌ಡಿಎಸ್-ಆರ್ ಇದೆ. 11 ಅಥವಾ ಹೆಚ್ಚು ಬಂದರೆ ಸಂಕಟವಿದೆ ಎಂದು ಲೆಕ್ಕ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನೂ ಸೇರಿಸಿ, ಖಿನ್ನತೆಯೊಂದೇ ಆಸೆಯನ್ನು ಬತ್ತಿಸಬಲ್ಲದು.

ಕೇಳುವ ಮಾತು ಬಹಳ ಮುಖ್ಯ. 'ಯೋನಿ ಆರ್ದ್ರತೆ' ಎಂದರೆ ಯಾರಿಗೂ ತಿಳಿಯದು. 'ಅಕ್ಕಾರ, ಕೂಡುವಾಗ ಒಣಗಿದಂಗ ಅನ್ನಸ್ತದೇನ್ರಿ, ಉರಿ ಆಗ್ತದೇನ್ರಿ?' ಎಂದರೆ ಉತ್ತರ ಬರುತ್ತದೆ. ಅನುವಾದಿಸಿದ ಮೇಲೆ ಹತ್ತು ಮಂದಿಗೆ ಓದಿ, 'ಇದರಾಗ ನಿಮಗ ಏನ್ ತಿಳೀತು?' ಎಂದು ಹೇಳಿಸಿ. ತೆಲುಗು, ಉರ್ದು ಮನೆಮಾತಿನವರಿಗೆ ಅವರದೇ ಭಾಷೆ ಬೇಕು. ಓದು ಬಾರದವರ ಮುಂದೆ ಐದು ಜೋಳದ ಕಾಳು ಇಟ್ಟು, 'ಯಾವಾಗ್ಲೂ ಆದ್ರ ಐದೂ ಕಾಳು ಸರಸ್ರಿ' ಎನ್ನಬಹುದು. ಕಾಳಿನ ಲೆಕ್ಕದಲ್ಲಿ ನೋವು ಹೆಚ್ಚಿದ್ದಷ್ಟೂ ಕಾಳು ಹೆಚ್ಚು ಬರುತ್ತವೆ, ಹಾಗಾಗಿ ನೋವಿನ ಅಂಕವನ್ನು ಆಮೇಲೆ ನೀವೇ ತಿರುಗಿಸಿ: ಐದು ಕಾಳಿಗೆ 1 ಅಂಕ. ಹೀಗೆ ಓದಿ ಕೇಳಿದ್ದನ್ನು ಪ್ರಬಂಧದ ವಿಧಾನ ಭಾಗದಲ್ಲಿ ಬರೆಯಿರಿ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಕೇಳಲೇಬೇಡಿ.

ಸಂತಾನ ಆರೋಗ್ಯ ಈ ಯಾವ ಪ್ರಶ್ನಾವಳಿಯಲ್ಲೂ ಇಲ್ಲ, ನೀವೇ ಸೇರಿಸಬೇಕು: ಕೊನೆಯ ಮುಟ್ಟಿನ ದಿನ, ಮುಟ್ಟು ನಿಂತಿದೆಯೇ, ಗರ್ಭ ಇಳಿದದ್ದು, ಈಗಿನ ಗರ್ಭನಿರೋಧಕ, ಮುಂದೆ ಮಗು ಬೇಕೇ. ಬೇಕು ಎಂದವರಿಗೆ ಗರ್ಭ ನಿಲ್ಲುವ ಮೊದಲೇ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಶೇಕಡಾ 6.5ರೊಳಗೆ ಬಂದರೆ ಒಳ್ಳೆಯದು. ಮಗುವಿನ ಅಂಗಾಂಗ ಮೊದಲ ಎಂಟು ವಾರದಲ್ಲೇ ರೂಪುಗೊಳ್ಳುತ್ತವೆ.

ಎಚ್‌ಬಿಎ1ಸಿ ತೆಗೆದ ದಿನವೇ ಹಿಮೋಗ್ಲೋಬಿನ್ ನೋಡಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಶುಗರ್ ಮಾತ್ರೆಗಳ ಹೆಸರನ್ನೂ ಬರೆದುಕೊಳ್ಳಿ: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೂತ್ರದಲ್ಲಿ ಸಕ್ಕರೆ ಹೊರಹಾಕುವುದರಿಂದ ಶಿಲೀಂಧ್ರ ಸೋಂಕು, ತುರಿಕೆ ಹೆಚ್ಚಿಸುತ್ತವೆ. ತುರಿಕೆ, ಮೊಸರಿನಂತೆ ಬಿಳಿ ಹೋಗುವುದು ಎಂದವರನ್ನು ಹಾಳೆ ತುಂಬಿಸಿ ಕಳಿಸಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.